ಹೇಳದೆ ಉಳಿದದ್ದನ್ನು ಆಡುವುದು: ವಿಷುಯಲ್ ನಾವೆಲ್, ಮೌನದ ಆಘಾತ ಮತ್ತು ನಮ್ಮ ಕರಾವಳಿ

ಉಡುಪಿ ಅಂದ್ರೆ ಮಠ, ಮಸಾಲೆ ದೋಸೆ, ಮಲ್ಪೆ ಬೀಚ್ ಅಂತ ಪಟ್ಟಿ ಮಾಡುವವರು ಒಂದು ಸಂಗತಿಯನ್ನು ಬಿಟ್ಟುಬಿಡ್ತಾರೆ. ಈ ಊರು ವಿಡಿಯೋ ಗೇಮ್ ಮಾಡುವ ಊರು ಕೂಡ ಹೌದು. 1996ರಲ್ಲಿ ಇಲ್ಲಿ ಶುರುವಾದ ರೋಬೋಸಾಫ್ಟ್, 2009ರಲ್ಲಿ ಅದೇ ಬಳಗದಿಂದ ಹುಟ್ಟಿದ 99ಗೇಮ್ಸ್, ಅವರ 'ಧೂಮ್ 3' ಆಟ, 2014ರ 'ಸ್ಟಾರ್ ಶೆಫ್' ಇವೆಲ್ಲ ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ಆಚೆ, ನಮ್ಮ ಕರಾವಳಿಯಲ್ಲಿ ಕೂತು ಜಗತ್ತಿಗೆ ಕಳಿಸಿದ ಆಟಗಳು. ಪಕ್ಕದ ಮಣಿಪಾಲದಲ್ಲಿ ಚಿತ್ರ ಬರೆಯುವವರು, ಕೋಡ್ ಬರೆಯುವವರು, ಮನಃಶಾಸ್ತ್ರ ಓದುವವರು ಒಂದೇ ಗುಡ್ಡದ ಮೇಲೆ ಸಿಗ್ತಾರೆ.

ಅಂದ್ರೆ ಆಟ ಮಾಡುವ ಕೈ, ತಂತ್ರಜ್ಞಾನ, ಓದು ಎಲ್ಲವೂ ಇಲ್ಲಿ ಉಂಟು. ಆದರೆ ಈ ನೆಲದವರ ಮನಸ್ಸಿನೊಳಗೆ ನಡೆಯುವುದನ್ನು ಹೇಳುವ ಆಟಗಳು ಎಲ್ಲಿ? ಅದಕ್ಕೆ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೊಂದುವ ಪ್ರಕಾರ ವಿಷುಯಲ್ ನಾವೆಲ್ ಅಂತ ನನ್ನ ವಾದ. ಕಾಲೇಜು ಕೋಣೆಗಳಲ್ಲಿ, ರಾತ್ರಿ ಕೆಲಸ ಮುಗಿಸಿದ ಮೇಲೆ ಲ್ಯಾಪ್‌ಟಾಪ್ ತೆರೆದು ಇಂಥದ್ದೊಂದನ್ನು ಕಟ್ಟಲು ಹೊರಡುವವರಿಗೂ, ಅರ್ಧ ಮುಗಿದ ಡೆಮೊ ಆಡಿ ಅಭಿಪ್ರಾಯ ಹೇಳುವ ನಮಗೂ ಕೆಲವು ವಿಷಯ ಗೊತ್ತಿರಬೇಕು. ಈ ಬರಹ ಅದಕ್ಕೆ.

ಏನಿದು ವಿಷುಯಲ್ ನಾವೆಲ್?

ಪರದೆಯ ಹಿಂದೆ ಒಂದು ಸ್ಥಿರ ಚಿತ್ರ. ಅದರ ಮುಂದೆ ಒಬ್ಬಿಬ್ಬರು ಪಾತ್ರಧಾರಿಗಳು, ಅವರ ಮುಖಭಾವ ಮಾತ್ರ ಬದಲಾಗುತ್ತದೆ. ಕೆಳಗೆ ಒಂದು ಪೆಟ್ಟಿಗೆಯಲ್ಲಿ ಮಾತು ಸಾಲು ಸಾಲಾಗಿ ಬರುತ್ತದೆ. ಆಗಾಗ ಕಥೆ ನಿಂತು, 'ನೀನು ಏನು ಹೇಳ್ತೀಯ?' ಅಂತ ಎರಡು ಮೂರು ಆಯ್ಕೆ ಕೊಡುತ್ತದೆ. ನೀವು ಒತ್ತಿದ್ದರ ಮೇಲೆ ಮುಂದಿನ ದಾರಿ. ಓಟ ಇಲ್ಲ, ಗುಂಡು ಇಲ್ಲ, ಸ್ಕೋರ್ ಇಲ್ಲ.

ಜಪಾನಿನಲ್ಲಿ ಇದಕ್ಕೆ ನಾಲ್ಕು ದಶಕದ ಇತಿಹಾಸ. ಯೂಜಿ ಹೊರಿಯ 1983ರ ಪೋರ್ಟೋಪಿಯಾ ಕೊಲೆ ಪ್ರಕರಣದ ಆಟ ಈ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದು. 'ವಿಷುಯಲ್ ನಾವೆಲ್' ಎಂಬ ಹೆಸರು ಬಂದದ್ದು 1996ರಲ್ಲಿ, ಲೀಫ್ ಎಂಬ ಕಂಪನಿ ತನ್ನ ಆಟಗಳ ಸರಣಿಗೆ ಆ ಪದ ಬಳಸಿದಾಗ. ಜಪಾನಿನ ಹೊರಗೆ ಸಾಮಾನ್ಯರ ಕೈಗೆ ಇದು ಸಿಕ್ಕಿದ್ದು 2004ರಲ್ಲಿ ಟಾಮ್ ರಾಥಮೆಲ್ ಬಿಡುಗಡೆ ಮಾಡಿದ ರೆನ್‌ಪೈ ಎಂಬ ಉಚಿತ, ಮುಕ್ತ ತಂತ್ರಾಂಶದಿಂದ. ಪೈಥಾನ್ ಆಧಾರಿತ. ಎರಡನೇ ಸೆಮಿಸ್ಟರಿನಲ್ಲಿ ಪೈಥಾನ್ ಲ್ಯಾಬ್ ದಾಟಿದವರು ಒಂದು ವಾರಾಂತ್ಯದಲ್ಲಿ ಇದರ ಮೂಲಪಾಠ ಕಲಿಯಬಹುದು.

ಆಟದ ಹುಚ್ಚಿಲ್ಲದ ನನ್ನ ಸ್ನೇಹಿತರಿಗೆ ನಾನು ಇದನ್ನು ವಿವರಿಸುವುದು ತಾಳಮದ್ದಳೆಯ ಮೂಲಕ. ಯಕ್ಷಗಾನದ ಬಣ್ಣ, ಕಿರೀಟ, ಕುಣಿತ ಎಲ್ಲ ತೆಗೆದುಬಿಡಿ. ಪಂಚೆ ಉಟ್ಟು ಸಾಲಾಗಿ ಕೂತವರು ಮಾತಿನಲ್ಲೇ ಕರ್ಣ, ಕೃಷ್ಣರಾಗ್ತಾರೆ. ದೇಹ ಕೂತಲ್ಲೇ ಇದೆ, ಅರ್ಥ ಮಾತ್ರ ಚಲಿಸುತ್ತದೆ. ಎದುರಾಳಿ ಯಾವ ಪ್ರಶ್ನೆ ಎಸೆದ ಎಂಬುದರ ಮೇಲೆ ಅವತ್ತಿನ ಸಂಭಾಷಣೆ ಬೇರೆ ದಾರಿ ಹಿಡಿಯುತ್ತದೆ, ಪ್ರಸಂಗ ಮಾತ್ರ ಅದೇ. ರಾತ್ರಿಯಿಡೀ ಕೂತು ಇಂಥ ಮಾತು ಕೇಳಿದ ಕರಾವಳಿಗೆ, 'ಬರೀ ಡೈಲಾಗ್ ಇರುವ ಗೇಮ್ ಯಾರು ಆಡ್ತಾರೆ' ಎಂಬ ಪ್ರಶ್ನೆ ಬರಬಾರದು.

ಮೌನದ ಆಘಾತ ಅಂದ್ರೆ ಯಾವುದು?

ಆಘಾತ ಅಂದ ಕೂಡಲೇ ನಮಗೆ ನೆನಪಾಗುವುದು ಯುದ್ಧ, ಅಪಘಾತ, ಹಲ್ಲೆ. ವೈದ್ಯಕೀಯ ಪುಸ್ತಕವೂ ಅಲ್ಲಿಂದಲೇ ಶುರುಮಾಡಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಹೋರಾಟದ ಬೆನ್ನಿಗೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಸೇರಿತು. ಆದರೆ ಒಂದೇ ದೊಡ್ಡ ಘಟನೆ ಇಲ್ಲದೆ, ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದ ಹಿಂಸೆ, ಅವಮಾನ, ಭಯದಲ್ಲಿ ಬೆಳೆದವರ ಪಾಡೇನು? 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ 'ಕಾಂಪ್ಲೆಕ್ಸ್ ಪಿಟಿಎಸ್‌ಡಿ'ಯನ್ನು ಪ್ರತ್ಯೇಕವಾಗಿ ಗುರುತಿಸಿತು. ನಲವತ್ತು ವರ್ಷ ಬೇಕಾಯ್ತು ನೋಡಿ.

ಈ ಪಟ್ಟಿಗಳಿಗೂ ಸಿಗದ ನೋವುಗಳು ಇನ್ನೂ ಇವೆ. ಬೆಳಗ್ಗೆ ಎದ್ದು ಬಸ್ ಹಿಡಿದು ಹೋಗುವ, ಇಂಟರ್ನಲ್ಸ್ ಬರೆಯುವ, ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸುವ ಮನುಷ್ಯನೊಳಗೆ ಏನೋ ಒಡೆದಿರುತ್ತದೆ. ಹೊರಗಿನಿಂದ ಕಾಣುವ ಲಕ್ಷಣ ಒಂದೇ: ಮಾತು ಕಡಿಮೆ. ನಾನು ಓದಿದ ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇತ್ತು: 'ಎಂತದೂ ಇಲ್ಲ ಮಾರಾಯ'. ಎಲ್ಲ ವಿಚಾರಣೆಗೂ ಅದೇ ಉತ್ತರ, ಅಲ್ಲಿಗೆ ಮಾತು ಮುಗೀತು.

ಇದು ಸಣ್ಣ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು, ಹೆಚ್ಚಿನವರು ಚಿಕಿತ್ಸೆಯಿಂದ ದೂರ ಇದ್ದರು. ಆಟವೊಂದು ಚಿಕಿತ್ಸೆ ಅಲ್ಲ. ಆದರೆ ಚಿಕಿತ್ಸೆಗೂ ಮೊದಲು ಬೇಕಾದ ಒಂದು ಸಂಗತಿಯನ್ನು ಅದು ಕೊಡಬಹುದು. 'ಹೀಗೆ ಆಗುವುದು ನನಗೊಬ್ಬನಿಗೇ ಅಲ್ಲ' ಎಂಬ ಗುರುತು.

ಆಟ ಮೌನವನ್ನು ಹೇಗೆ ತೋರಿಸುತ್ತದೆ?

ಕಾದಂಬರಿಗೂ ಸಿನಿಮಾಕ್ಕೂ ಇಲ್ಲದ ಒಂದು ಉಪಕರಣ ಈ ಪ್ರಕಾರದ ಕೈಯಲ್ಲಿದೆ, ಆಯ್ಕೆ. ಅದನ್ನು ಕೊಡುವುದಷ್ಟೇ ಅಲ್ಲ, ಕಿತ್ತುಕೊಳ್ಳಲೂಬಹುದು. ಜೊಯಿ ಕ್ವಿನ್ ಮತ್ತು ಗೆಳೆಯರು 2013ರಲ್ಲಿ ಮಾಡಿದ 'ಡಿಪ್ರೆಶನ್ ಕ್ವೆಸ್ಟ್' ಇದರ ಪಾಠಪುಸ್ತಕ. ಅದು ಬಹುತೇಕ ಬರೀ ಅಕ್ಷರಗಳ ಆಟ. ಪಾತ್ರದ ಖಿನ್ನತೆ ಹೆಚ್ಚಿದಂತೆ, 'ಎದ್ದು ಸ್ನೇಹಿತರ ಜೊತೆ ಹೊರಗೆ ಹೋಗು' ಎಂಬಂಥ ಆಯ್ಕೆ ಕಣ್ಣಿಗೆ ಕಾಣುತ್ತದೆ, ಆದರೆ ಅದರ ಮೇಲೆ ಗೆರೆ ಎಳೆದಿರುತ್ತದೆ, ಒತ್ತಲು ಬರುವುದಿಲ್ಲ. 'ಎದ್ದು ಒಂದು ವಾಕ್ ಹೋಗಬಾರದಾ' ಅಂತ ಉಪದೇಶ ಮಾಡುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ. ದಾರಿ ಕಾಣುತ್ತದೆ, ಕಾಲು ಏಳುವುದಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆಯನ್ನು ನಾನೇ ಕಟ್ಟಿ ತೋರಿಸ್ತೇನೆ. ಕಾರ್ಕಳದ ಮನೆಯಿಂದ ಅಮ್ಮ ಮಣಿಪಾಲದ ಹಾಸ್ಟೆಲ್ಲಿಗೆ ಫೋನ್ ಮಾಡ್ತಾಳೆ. 'ಊಟ ಆಯ್ತಾ?' ಮಗಳ ಮುಂದೆ ಮೂರು ಆಯ್ಕೆ: 'ಆಯ್ತು', 'ಈಗ ಹೋಗ್ಬೇಕು', 'ಅಮ್ಮ, ನಂಗೆ ಇಲ್ಲಿ ಆಗ್ತಾ ಇಲ್ಲ'. ಮೊದಲ ದಿನ ಮೂರನೆಯದನ್ನು ಒತ್ತಿದರೆ ಅಮ್ಮ, 'ಎಲ್ಲರಿಗೂ ಶುರುವಿಗೆ ಹಾಗೇ' ಅಂತಾಳೆ. ಅಮ್ಮ ಕೆಟ್ಟವಳಲ್ಲ, ಅವಳಿಗೆ ಗೊತ್ತಿರುವ ಸಮಾಧಾನ ಅಷ್ಟೇ. ಆಟ ಒಳಗೊಳಗೇ ಒಂದು ಅಂಕೆಯನ್ನು ಹೆಚ್ಚಿಸಿಕೊಳ್ಳುತ್ತದೆ. ನಾಲ್ಕನೇ ಕರೆಯ ಹೊತ್ತಿಗೆ ಮೂರನೇ ಆಯ್ಕೆ ಮಂಕಾಗಿರುತ್ತದೆ. ಆರನೇ ಕರೆಗೆ ಅದು ಪಟ್ಟಿಯಲ್ಲೇ ಇರುವುದಿಲ್ಲ. ಹೊಡೆತ ಇಲ್ಲ, ಬೈಗುಳ ಇಲ್ಲ. 'ಆಯ್ತು' ಎಂಬ ಒಂದೇ ಗುಂಡಿ ಉಳಿದದ್ದನ್ನು ಆಡುವವರು ತಾವೇ ಒತ್ತಬೇಕು. ಅಷ್ಟರಲ್ಲಿ ಮೌನ ಹೇಗೆ ತಯಾರಾಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಾಗಿರುತ್ತದೆ.

ಇನ್ನೂ ಕೆಲವು ಉಪಕರಣಗಳಿವೆ. ಒಂದು, ಸಮಯ. ಉತ್ತರ ಬರುವ ಮೊದಲು ನಾಲ್ಕು ಸೆಕೆಂಡ್ ಖಾಲಿ ಪೆಟ್ಟಿಗೆ. ಎರಡು, ಪುನರಾವರ್ತನೆ. ಅದೇ ಅಡುಗೆಮನೆ ಚಿತ್ರ ಹತ್ತು ಸಲ ಬಂದು, ಹನ್ನೊಂದನೇ ಸಲ ಒಂದು ಕುರ್ಚಿ ಇಲ್ಲ. ಮೂರು, ಹಿಂದಕ್ಕೆ ಹೋಗುವ ಸೌಲಭ್ಯ. ರೆನ್‌ಪೈಯಲ್ಲಿ ಆಡುವವರು ಒಂದು ಸಾಲು ಹಿಂದೆ ಸರಿದು ಬೇರೆ ಆಯ್ಕೆ ಒತ್ತಬಹುದು. ಬದುಕಿನಲ್ಲಿ ಅದಿಲ್ಲ. ಒಂದು ನಿರ್ದಿಷ್ಟ ದೃಶ್ಯದಲ್ಲಿ ಆ ಗುಂಡಿ ಕೆಲಸ ಮಾಡದಂತೆ ಮಾಡಿದರೆ ಅಷ್ಟೇ ಸಾಕು, ಬೇರೆ ವಿವರಣೆ ಬೇಡ.

ಇದೇ ಉಪಕರಣಗಳು ಕೆಟ್ಟ ಕೆಲಸಕ್ಕೂ ಬರ್ತವೆ. 2017ರ 'ಡೋಕಿ ಡೋಕಿ ಲಿಟರೇಚರ್ ಕ್ಲಬ್' ಮುದ್ದಾದ ಶಾಲಾ ಕಥೆಯಂತೆ ಶುರುವಾಗಿ ಭೀಕರ ತಿರುವು ತೆಗೆದುಕೊಂಡು ಜಗತ್ಪ್ರಸಿದ್ಧವಾಯ್ತು. ಶುರುವಿನಲ್ಲೇ ಎಚ್ಚರಿಕೆ ಕೊಡುತ್ತದೆ, ನಿಜ. ಆದರೂ ಪಾತ್ರವೊಂದರ ಆತ್ಮಹತ್ಯೆಯನ್ನು ಬೆಚ್ಚಿಬೀಳಿಸುವ ತಂತ್ರವಾಗಿ ಬಳಸಿದೆ ಎಂಬ ಟೀಕೆ ಅದರ ಬೆನ್ನು ಬಿಟ್ಟಿಲ್ಲ. ಅದೇ ವರ್ಷದ, ಬ್ರಿಯಾನಾ ಲೀ ಮಾಡಿದ 'ಬಟರ್‌ಫ್ಲೈ ಸೂಪ್' ಇನ್ನೊಂದು ತುದಿ. ಏಷ್ಯಾ ಮೂಲದ ಅಮೆರಿಕನ್ ಹುಡುಗಿಯರ ತಮಾಷೆ, ಬೇಸ್‌ಬಾಲ್, ಪ್ರೀತಿಯ ನಡುವೆ ಮನೆಯೊಳಗಿನ ಹೊಡೆತ, ಹೆತ್ತವರ ಒತ್ತಡ ಎರಡೇ ಸಾಲಿನಲ್ಲಿ ಬಂದು ಹೋಗುತ್ತದೆ. ನಕ್ಕು ಮುಗಿಸಿದ ಮೇಲೆ ಆ ಎರಡು ಸಾಲು ಉಳಿಯುತ್ತದೆ. ಮೌನದ ಆಘಾತಕ್ಕೆ ಈ ಎರಡನೇ ದಾರಿಯೇ ಸರಿ ಅಂತ ನನಗನಿಸುತ್ತದೆ.

'ಇನ್ನೂ ತಯಾರಾಗ್ತಾ ಇದೆ' ಅಂದ್ರೆ ಏನು?

ಇಂಡೀ ಆಟಗಳ ಪುಟ ತೆರೆದರೆ ಹೆಚ್ಚು ಕಾಣುವ ಸಾಲು ಇದೇ. ಒಂದು ಡೆಮೊ, ನಾಲ್ಕು ಚಿತ್ರ, ಮುಂದಿನ ಅಧ್ಯಾಯ ಬರಲಿದೆ ಎಂಬ ಭರವಸೆ. ಸೋಮಾರಿತನ ಅಂದುಕೊಳ್ಳಬೇಡಿ, ಲೆಕ್ಕ ಮಾಡಿ ನೋಡಿ. ಕಥೆಯಲ್ಲಿ ಎರಡೆರಡು ದಾರಿಯ 5 ಕವಲು ಇದ್ದರೆ, ಎಲ್ಲೂ ಸೇರಿಸದೆ ಬರೆದರೆ 32 ಅಂತ್ಯ ಬೇಕು. 10 ಕವಲಿದ್ದರೆ 1,024. ಹಾಗಾಗಿ ಬರೆಯುವವರು ಕವಲುಗಳನ್ನು ಮತ್ತೆ ಒಂದೇ ದಾರಿಗೆ ತಂದು ಸೇರಿಸ್ತಾರೆ, ವ್ಯತ್ಯಾಸವನ್ನು ಅಂಕೆಗಳಲ್ಲಿ ನೆನಪಿಟ್ಟುಕೊಳ್ತಾರೆ. ಅಷ್ಟು ಮಾಡಿದರೂ ಪ್ರತಿ ಪಾತ್ರಕ್ಕೆ ಹತ್ತಾರು ಮುಖಭಾವ, ಪ್ರತಿ ಜಾಗಕ್ಕೆ ಹಗಲು, ಸಂಜೆ, ಮಳೆಯ ಚಿತ್ರ, ಸಂಗೀತ, ಪರೀಕ್ಷೆ ಎಲ್ಲ ಉಂಟು. ಇದೆಲ್ಲ ಸಂಬಳದ ಕೆಲಸ ಮುಗಿಸಿದ ಮೇಲಿನ ಕೆಲಸ.

ಪ್ರಸಿದ್ಧ ಉದಾಹರಣೆ 'ಕಟಾವಾ ಶೋಜೋ'. ಅಂಗವಿಕಲ ವಿದ್ಯಾರ್ಥಿಗಳ ಶಾಲೆಯೊಂದರ ಕಥೆ. ಒಬ್ಬ ಜಪಾನಿ ಕಲಾವಿದರ ಒಂದು ಪುಟದ ರೇಖಾಚಿತ್ರ ನೋಡಿ, ಬೇರೆ ಬೇರೆ ದೇಶದ ಹವ್ಯಾಸಿಗಳು ಸಂಬಳ ಇಲ್ಲದೆ ಒಟ್ಟಾದರು. ಮೊದಲ ಅಂಕ 2009ರಲ್ಲಿ ಬಂತು. ಪೂರ್ಣ ಆಟ ಬಂದದ್ದು 2012ರ ಜನವರಿ 4ರಂದು, ಉಚಿತವಾಗಿ. ನಡುವಿನ ಆ ವರ್ಷಗಳಲ್ಲಿ ಅದನ್ನು ಬದುಕಿಸಿದ್ದು ಮೊದಲ ಅಂಕ ಆಡಿದ ಓದುಗರ ಕಾಯುವಿಕೆ.

ಆಘಾತದ ಕಥೆಗೆ ಈ 'ತಯಾರಾಗ್ತಾ ಇರುವ' ಸ್ಥಿತಿ ಇನ್ನಷ್ಟು ಸೂಕ್ಷ್ಮ. ಗಾಯವನ್ನು ತೆರೆದು, ಮುಚ್ಚುವ ಅಧ್ಯಾಯ ಎರಡು ವರ್ಷದ ಮೇಲೆ ಬರ್ತದೆ ಅಂತ ಹೇಳುವ ಹಾಗಿಲ್ಲ. ಆದ್ದರಿಂದ ಡೆಮೊ ತನ್ನಷ್ಟಕ್ಕೆ ಒಂದು ಪುಟ್ಟ ಪೂರ್ಣ ಕಥೆ ಆಗಿರಬೇಕು, ರೋಚಕ ತಿರುವಿನಲ್ಲಿ ನಿಲ್ಲಿಸಬಾರದು. ಅದೇ ಹೊತ್ತಿಗೆ ಅಪೂರ್ಣವಾಗಿರುವುದರಿಂದ ಒಂದು ಲಾಭವೂ ಉಂಟು. ಆಡಿದವರು 'ಇದು ಹೀಗಲ್ಲ, ನಮ್ಮನೇಲಿ ಹೀಗಿತ್ತು' ಅಂದರೆ ತಿದ್ದಲು ಇನ್ನೂ ಸಮಯ ಇರುತ್ತದೆ. ಅಚ್ಚಾದ ಪುಸ್ತಕಕ್ಕೆ ಆ ಭಾಗ್ಯ ಇಲ್ಲ.

ಕನ್ನಡ ಅಕ್ಷರದ ತೊಡಕು

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಸಹಿಸಿಕೊಳ್ಳಿ. ಕನ್ನಡದಲ್ಲಿ ಆಟ ಮಾಡಲು ಹೊರಟವರು ಮೊದಲ ರಾತ್ರಿಯೇ ಕೈಬಿಡಲು ಕಾರಣ ಕಥೆಯಲ್ಲ, ಒತ್ತಕ್ಷರ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ಈ-ಕಾರ. ಇವನ್ನು ಸೇರಿಸಿ ಸರಿಯಾದ ಆಕಾರ ಕೊಡಲು ಹಾರ್ಫ್‌ಬಜ್‌ನಂಥ ಒಂದು ಜೋಡಣೆಯ ತಂತ್ರಾಂಶ ಬೇಕು. ಅದಿಲ್ಲದ ಕಡೆ ಒತ್ತುಗಳು ಚದುರಿ ಬೀಳ್ತವೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಎಷ್ಟೋ ಆಟದ ಎಂಜಿನ್‌ಗಳಲ್ಲಿ ಇದು ಬಹುಕಾಲ ಇರಲೇ ಇಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. 2023ರ ಮಾರ್ಚಿನಲ್ಲಿ ಬಂದ ಗೊಡೋ 4 ಇಂಥ ಲಿಪಿಗಳಿಗೆ ಬೆಂಬಲ ತಂದಿತು. ರೆನ್‌ಪೈ ತನ್ನ 8.3ನೇ ಆವೃತ್ತಿಯಲ್ಲಿ, 2024ರಲ್ಲಿ, ಹಾರ್ಫ್‌ಬಜ್ ಅಳವಡಿಸಿಕೊಂಡಿತು. ಯೂನಿಟಿಯ ಜನಪ್ರಿಯ ಅಕ್ಷರ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಇನ್ನೂ ಸುತ್ತುಬಳಸು ದಾರಿ ಬೇಕು. ಟ್ವೈನ್‌ನಲ್ಲಿ ಮಾಡಿದ ಕಥೆ ಬ್ರೌಸರಿನಲ್ಲೇ ಓಡುವುದರಿಂದ ಅಲ್ಲಿ ಕನ್ನಡಕ್ಕೆ ಮೊದಲಿಂದಲೂ ತೊಂದರೆ ಇಲ್ಲ. ಮೊಬೈಲಿನಲ್ಲೂ ತೆರೆಯುತ್ತದೆ. ಮೊದಲ ಪ್ರಯತ್ನಕ್ಕೆ ನಾನು ಅದನ್ನೇ ಸೂಚಿಸ್ತೇನೆ. ಅಕ್ಷರವಿನ್ಯಾಸಕ್ಕೆ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮದಂಥ ಮುಕ್ತ ಫಾಂಟ್‌ಗಳು ಇವೆ, ಪರವಾನಗಿಯ ಚಿಂತೆ ಬೇಡ.

ಒಂದು ಎಚ್ಚರಿಕೆ: ಈ ಪ್ರಕಾರದಲ್ಲಿ ಮಾತು ಟೈಪ್‌ರೈಟರಿನಂತೆ ಒಂದೊಂದೇ ಅಕ್ಷರವಾಗಿ ಮೂಡುವುದು ವಾಡಿಕೆ. ಸಂಕೇತ ಲೆಕ್ಕದಲ್ಲಿ ಮೂಡಿಸಿದರೆ 'ಸ್ತ್ರೀ' ಎಂಬುದು ಮೊದಲು 'ಸ', ಆಮೇಲೆ 'ಸ್', ಆಮೇಲೆ 'ಸ್ತ' ಅಂತ ಕುಣಿಯುತ್ತದೆ. ಗಂಭೀರ ದೃಶ್ಯ ನಗೆಪಾಟಲಾಗುತ್ತದೆ. ಅಕ್ಷರಗುಚ್ಛದ ಲೆಕ್ಕದಲ್ಲಿ ಮೂಡಿಸಿ, ಇಲ್ಲವೇ ಇಡೀ ಪದ ಒಟ್ಟಿಗೆ ಬರಲಿ.

ಭಾಷೆಯ ಪ್ರಶ್ನೆ ತಾಂತ್ರಿಕತೆಗೆ ಮುಗಿಯುವುದಿಲ್ಲ. ಕಾಪುವಿನ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಅದರಾಚೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮಣಿಪಾಲದ ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್, ಹಿಂದಿ. ಯಾವ ಭಾಷೆಯಲ್ಲಿ ಸುಮ್ಮನಾಗ್ತೇವೆ ಎಂಬುದೂ ಕಥೆಯೇ. ಕಾಲೇಜಿನಲ್ಲಿ ನಿರರ್ಗಳವಾಗಿ ಮಾತಾಡುವವಳು ಮನೆಯ ತುಳುವಿನಲ್ಲಿ 'ನನಗೆ ಭಯ ಆಗ್ತದೆ' ಅನ್ನಲಾರಳು. 2023ರಲ್ಲಿ ಬಂದು ಮರುವರ್ಷ ಬಾಫ್ಟಾ ಚೊಚ್ಚಲ ಆಟದ ಪ್ರಶಸ್ತಿ ಪಡೆದ 'ವೆಂಬಾ' ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ. ಹಾಳಾದ ಅಡುಗೆ ಪುಸ್ತಕದ ಪುಟಗಳನ್ನು ಆಡುವವರು ಊಹಿಸಿ ತುಂಬಬೇಕು. ಭಾಷೆ, ಅಡುಗೆ, ತಾಯಿ–ಮಗನ ಅಂತರ ಮೂರೂ ಅದರಲ್ಲಿ ಒಂದೇ. ಅದನ್ನು ತಮಿಳರು ಮಾಡಿ ತೋರಿಸಿದ್ದಾರೆ. ನಮಗೆ ನೆಪ ಕಡಿಮೆ.

ಯಾರ ನೋವು, ಯಾರ ಆಟ?

ಕರಾವಳಿಯಲ್ಲಿ ಕಥೆಗೆ ಬರ ಇಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯ್ತು. ಅವರಲ್ಲಿ ಮಲ್ಪೆ ಕಡೆಯವರೂ ಉತ್ತರ ಕನ್ನಡದವರೂ ಇದ್ದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಆಚೆಯ ಸಮುದ್ರದಲ್ಲಿ ನೌಕಾಪಡೆ ಬೋಟಿನ ಅವಶೇಷ ಪತ್ತೆಮಾಡಿತು. ಈ ಎರಡು ತಾರೀಕುಗಳ ನಡುವೆ ಏಳು ಮನೆಗಳಲ್ಲಿ ಏನಿತ್ತು? ಸತ್ತರೆಂದು ಅಳುವ ಹಾಗಿಲ್ಲ, ಬದುಕಿದ್ದಾರೆಂದು ಉಣ್ಣುವ ಹಾಗಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಖಚಿತವಾಗದ ಅಗಲಿಕೆ' ಅನ್ನಬಹುದು. ಟಿವಿಗೆ ಅದು ಕೆಲವು ವಾರದ ಸುದ್ದಿ, ಆ ಮನೆಗಳಿಗೆ ಅದು ಇಡೀ ಬದುಕು.

ಇನ್ನೊಂದು. 2021ರ ಕೊನೆಗೆ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ. 2022ರ ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಭಾಗ ಎಲ್ಲರಿಗೂ ಗೊತ್ತು. ಆದರೆ ನಿನ್ನೆವರೆಗೆ ಒಂದೇ ಬೆಂಚಿನಲ್ಲಿ ಬುತ್ತಿ ಹಂಚಿಕೊಂಡ ಹದಿನೇಳರ ಹುಡುಗಿಯರು ಎದುರು ಸಿಕ್ಕಾಗ ಮುಖ ತಿರುಗಿಸಿದರೆ ಅದನ್ನು ಯಾವ ಕೋರ್ಟು ದಾಖಲಿಸುತ್ತದೆ? ಎರಡೂ ಕಡೆಯ ಆ ಮೌನಕ್ಕೆ ಚರ್ಚಾಗೋಷ್ಠಿಯಲ್ಲಿ ಜಾಗ ಇಲ್ಲ. ಎರಡು ಪಾತ್ರ, ಒಂದು ಬೆಂಚು, ಮೂರು ಆಯ್ಕೆಯ ಒಂದು ಆಟದಲ್ಲಿ ಇದೆ.

ಗಲ್ಫಿನಲ್ಲಿ, ಮುಂಬೈ ಹೋಟೆಲುಗಳಲ್ಲಿ ದುಡಿದು ವರ್ಷಕ್ಕೊಮ್ಮೆ ಬರುವ ಅಪ್ಪ, ಬೀಡಿ ಕಟ್ಟುತ್ತಾ ಮಕ್ಕಳನ್ನು ಓದಿಸಿದ ಅಮ್ಮ, ಪಾಲಾದ ತರವಾಡು ಮನೆ, ಜಾತಿ ಕೇಳಿ ಬಾಡಿಗೆ ನಿರಾಕರಿಸುವ ಮಾಲೀಕ. ಇವುಗಳಲ್ಲಿ ಪ್ರತಿಯೊಂದೂ ರಾಜಕೀಯವೇ. ಮನಸ್ಸಿನ ಗಾಯವನ್ನು 'ವೈಯಕ್ತಿಕ ಸಮಸ್ಯೆ' ಅಂತ ಮಡಚಿಡುವುದು ಸುಲಭ. ಯಾರನ್ನು ಸುಮ್ಮನಿರಿಸಲಾಗಿದೆ, ಯಾರಿಗೆ ಅದರಿಂದ ಲಾಭ ಅಂತ ಕೇಳಿದ ಕೂಡಲೇ ಅದು ಸಾರ್ವಜನಿಕ ಪ್ರಶ್ನೆ ಆಗುತ್ತದೆ. ಕನ್ನಡ ಸಾಹಿತ್ಯಕ್ಕೆ ಇದು ಹೊಸದಲ್ಲ. ಮಣಿಪಾಲದಲ್ಲಿ ನೆಲೆಸಿದ ವೈದೇಹಿ, ಚಂದ್ರಗಿರಿ ತೀರದಿಂದ ಬಂದ ಸಾರಾ ಅಬೂಬಕರ್ ಅಡುಗೆಮನೆಯ ಬಾಗಿಲ ಹಿಂದಿನ ಮಾತನ್ನು ದಶಕಗಳ ಹಿಂದೆಯೇ ಬರೆದರು.

ಆದರೆ ಇಲ್ಲೇ ಒಂದು ಗೆರೆಯೂ ಎಳೆಯಬೇಕು. ಏಳು ಮನೆಗಳ ಕಾಯುವಿಕೆ ನಮ್ಮ ಪ್ರಾಜೆಕ್ಟಿಗೆ ಸಿಕ್ಕಿದ 'ಕಂಟೆಂಟ್' ಅಲ್ಲ. ನಿಜ ಘಟನೆಯಿಂದ ಕಥೆ ಕಟ್ಟುವವರು ಆ ಕುಟುಂಬಗಳನ್ನು ಕೇಳಬೇಕು. ಬೇಡ ಅಂದರೆ ಬಿಡಬೇಕು. ಒಪ್ಪಿದರೂ ಹೆಸರು, ಮುಖ, ಗುರುತು ಹಿಡಿಯಬಹುದಾದ ವಿವರ ಬದಲಿಸಬೇಕು. ಬರೆದದ್ದನ್ನು ಅವರಿಗೆ ಮೊದಲು ತೋರಿಸಬೇಕು. ಪತ್ರಕರ್ತರಾದ ನಾವು ಮೈಕ್ ಹಿಡಿದು ಮನೆಯಂಗಳಕ್ಕೆ ನುಗ್ಗಿದ ಚರಿತ್ರೆ ಎಲ್ಲರಿಗೂ ಗೊತ್ತಿದೆ. ಆಟ ಮಾಡುವವರು ಅದನ್ನೇ ಮುಂದುವರಿಸಬೇಕಾಗಿಲ್ಲ.

ಹಾಗೆಯೇ, ಹಿನ್ನೆಲೆಗೆ ಕಾಪುವಿನ 1901ರ ದೀಪಸ್ತಂಭವನ್ನೋ, ಕಾರ್ಕಳದ 42 ಅಡಿಯ ಬಾಹುಬಲಿಯನ್ನೋ ಬರೆದ ಮಾತ್ರಕ್ಕೆ ಕಥೆ ಕರಾವಳಿಯದಾಗುವುದಿಲ್ಲ. ಅದು ಪ್ರವಾಸೋದ್ಯಮದ ಪೋಸ್ಟರ್. ಸಂಜೆ ಏಳರ ಕಾರ್ಕಳ ಬಸ್ಸಿನ ಕಂಬಿ, ಜೂನ್ ಮಳೆಗೆ ಒಣಗದ ಯೂನಿಫಾರ್ಮ್, ಯಾರೂ ಕೂರದ ಅಪ್ಪನ ಕುರ್ಚಿ ಬರೆಯಿರಿ. ಇಲ್ಲಿಯವರಿಗೆ ತಕ್ಷಣ ಗೊತ್ತಾಗ್ತದೆ.

ದುಡ್ಡು ಮತ್ತು ಸರ್ಕಾರ

ಇಷ್ಟು ಚೆನ್ನಾಗಿ ಹೊಂದುವ ಪ್ರಕಾರ ಆದರೆ ಉಡುಪಿಯ ಕಂಪನಿಗಳು ಯಾಕೆ ಮಾಡಲಿಲ್ಲ? ಉತ್ತರ ವ್ಯವಹಾರದಲ್ಲಿದೆ. 'ಸ್ಟಾರ್ ಶೆಫ್'ನಂಥ ಉಚಿತ ಮೊಬೈಲ್ ಆಟ ನಿಂತಿರುವುದು ಆಡುವವರು ನಾಳೆ, ನಾಡಿದ್ದು, ಮುಂದಿನ ತಿಂಗಳು ಮರಳಿ ಬರುವುದರ ಮೇಲೆ. ಬಂದವರಲ್ಲಿ ಕೆಲವರು ಕಾಯುವ ಸಮಯ ಉಳಿಸಲು ದುಡ್ಡು ಕೊಡ್ತಾರೆ. ವಿಷುಯಲ್ ನಾವೆಲ್‌ಗೆ ಅಂತ್ಯ ಇದೆ. ಆಡಿ ಮುಗಿಸಿದವರು ಮರಳಿ ಬರಬೇಕಿಲ್ಲ. ಅದರಲ್ಲೂ ನೋವಿನ ಕಥೆಯಲ್ಲಿ 'ಇನ್ನೂ 5 ನಾಣ್ಯ ಕೊಟ್ಟರೆ ಅಮ್ಮ ಮಾತಾಡ್ತಾಳೆ' ಅಂತ ಗುಂಡಿ ಇಡುವುದು ಅಸಹ್ಯ. ಇದು ಕಂಪನಿಗಳ ಮೇಲಿನ ದೂರಲ್ಲ, ಲೆಕ್ಕ ಅಷ್ಟೇ. ಮಾರುಕಟ್ಟೆ ತಾನಾಗಿ ಮಾಡದ ಕೆಲಸ ಇದು. ಹಾಗಾಗಿ ಸಾರ್ವಜನಿಕ ಹಣದ ಪ್ರಶ್ನೆ ಬರುತ್ತದೆ.

ಕರ್ನಾಟಕ 2012ರಲ್ಲೇ ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ. 2024ರ ಜನವರಿಯಲ್ಲಿ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿ ಬಂತು. ಇಂಥ ನೀತಿಗಳ ಭಾಷೆ ಉದ್ಯೋಗ, ರಫ್ತು, ಹೂಡಿಕೆ. ಸರಿ, ಅವೂ ಬೇಕು. ಆದರೆ ಕನ್ನಡ ಸಿನಿಮಾಕ್ಕೆ ಸಹಾಯಧನ ಕೊಡುವ, ಪುಸ್ತಕಕ್ಕೆ ಸಗಟು ಖರೀದಿ ಇಟ್ಟಿರುವ ರಾಜ್ಯ, ಕನ್ನಡ, ತುಳು, ಬ್ಯಾರಿ, ಕೊಂಕಣಿಯ ಕಥನ ಆಟಕ್ಕೆ ಒಂದು ಸಣ್ಣ ನಿಧಿ ಇಡಬಾರದೇ? ಮೂರು ಜನರ ತಂಡಕ್ಕೆ ಒಂದು ವರ್ಷದ ಜೀವನ ವೆಚ್ಚ ಸಿಕ್ಕರೆ ಒಂದು ಆಟ ಮುಗಿಯುತ್ತದೆ. ಭಾಷಾ ಅಕಾಡೆಮಿಗಳು ಇದನ್ನು ಸಾಹಿತ್ಯ ಎಂದು ಒಪ್ಪಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ದೆಹಲಿಯ ಚರ್ಚೆಯಂತೂ ಬೇರೆಯೇ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರೋತ್ಸಾಹಿಸುವ ಮಾತಾಡುತ್ತದೆ. ಜೂಜಿನಿಂದ ಮನೆ ಹಾಳಾದವರನ್ನು ಕಂಡವರಿಗೆ ನಿಷೇಧದ ಹಿಂದಿನ ಸಿಟ್ಟು ಅರ್ಥ ಆಗ್ತದೆ. ಆದರೆ ನಮ್ಮ ರಾಜಕೀಯದಲ್ಲಿ ಗೇಮ್ ಅಂದ್ರೆ ಒಂದೋ ಜೂಜು, ಇಲ್ಲವೋ ಪಂದ್ಯ. ಗೇಮ್ ಅಂದ್ರೆ ಕಥೆಯೂ ಹೌದು ಎಂಬುದು ಇನ್ನೂ ಯಾರ ಬಾಯಲ್ಲೂ ಬಂದಿಲ್ಲ.

ಮಾಡುವವರಿಗೆ, ಆಡುವವರಿಗೆ

ಮಾಡುವವರು ಇಷ್ಟನ್ನು ಮರೆಯಬೇಡಿ. ಆಟದ ಶುರುವಿನಲ್ಲಿ ಯಾವ ವಿಷಯ ಬರ್ತದೆ ಅಂತ ಸ್ಪಷ್ಟ ಕನ್ನಡದಲ್ಲಿ ಹೇಳಿ. 'ಸೂಕ್ಷ್ಮ ವಿಷಯ' ಅಂದರೆ ಸಾಲದು, 'ತಂದೆಯ ಸಾವು, ಆತ್ಮಹತ್ಯೆಯ ಯೋಚನೆ' ಅಂತ ಬರೆಯಿರಿ. ಕಷ್ಟದ ದೃಶ್ಯ ದಾಟಿಹೋಗಲು ಒಂದು ಗುಂಡಿ ಇಡಿ, ದಾಟಿದವರಿಗೆ ಕಥೆ ತಪ್ಪದಿರಲಿ. ಆತ್ಮಹತ್ಯೆಯ ವಿಧಾನ ತೋರಿಸಬೇಡಿ. ಎಲ್ಲ ನೋವಿಗೂ ಕೊನೆಯಲ್ಲಿ ಕ್ಷಮೆ, ಅಪ್ಪುಗೆ ಬೇಕೆಂದಿಲ್ಲ. ಮನೆಯಿಂದ ದೂರ ಹೋಗಿ ನೆಮ್ಮದಿ ಕಂಡವರೂ ಇದ್ದಾರೆ. ಮನೋವೈದ್ಯರೋ, ಆಪ್ತಸಮಾಲೋಚಕರೋ ಒಬ್ಬರು ಸ್ಕ್ರಿಪ್ಟ್ ಓದಲಿ. ಮಣಿಪಾಲ, ಉಡುಪಿಯಲ್ಲಿ ಅಂಥವರನ್ನು ಹುಡುಕುವುದು ಕಷ್ಟವೇನಲ್ಲ. ನಿಮ್ಮದೇ ನೋವನ್ನು ಬರೆಯುತ್ತಿದ್ದರೆ ಗಡುವು ಸಡಿಲ ಮಾಡಿಕೊಳ್ಳಿ, ಡೆಮೊ ತಡವಾದರೆ ಪ್ರಪಂಚ ಮುಳುಗುವುದಿಲ್ಲ.

ಆಡುವವರಿಗೆ ಎರಡೇ ಮಾತು. ಅರ್ಧ ಮುಗಿದ ಆಟ ಆಡಿದರೆ, 'ಸೂಪರ್' ಅಂತಲೋ 'ಬೋರ್' ಅಂತಲೋ ಬಿಟ್ಟುಬಿಡಬೇಡಿ. ಯಾವ ಸಾಲು ಸುಳ್ಳೆನಿಸಿತು, ಎಲ್ಲಿ ನಿಮ್ಮ ಬೆರಳು ತಡೆಯಿತು ಅಂತ ಬರೆದು ಕಳಿಸಿ. ದುಡ್ಡು ಕೇಳಿದರೆ, ಒಂದು ಚಹಾ-ಬನ್ಸ್ ಲೆಕ್ಕದಷ್ಟಾದರೂ ಕೊಡಿ. ಮತ್ತೆ, ಆಟದಲ್ಲಿ ಕಂಡದ್ದು ನಿಮ್ಮದೇ ಕಥೆ ಅನಿಸಿ ಎದೆ ಭಾರ ಆದರೆ ಪರದೆಯ ಎದುರು ಒಬ್ಬರೇ ಕೂರಬೇಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು.

ಅಮ್ಮನ ಕರೆಗೆ ಮೂರನೇ ಆಯ್ಕೆ ಮತ್ತೆ ಕಾಣಿಸಿಕೊಳ್ಳುವಂತೆ ಮಾಡುವುದು ಒಂದು ಸಾಲಿನ ಕೋಡ್. ನಿಜವಾದ ಮನೆಗಳಲ್ಲಿ ಅದಕ್ಕೆ ಕೇಳುವವರು ಬೇಕು. ಹಾಗೆ ಕೇಳುವುದನ್ನು ಅಭ್ಯಾಸ ಮಾಡಿಸುವ ಆಟ ಉಡುಪಿಯಿಂದಲೇ ಬಂದರೆ, ಅರ್ಧ ಆದದ್ದಾದರೂ ಪರವಾಗಿಲ್ಲ, ನಾನು ಆಡ್ತೇನೆ.